ಧಾರವಾಡ ಸೀಮೆಯ ಐವರು: ಮೊದಲು ಯಾರನ್ನು ಕೇಳಬೇಕು?

ಹಿಂದೂಸ್ತಾನಿ ಗಾಯನ ಕೇಳಬೇಕೆಂಬ ಆಸೆಯಿದೆ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದವರ ಕೈಗೆ ಐದು ಹೆಸರು ಕೊಟ್ಟು ಕಳಿಸುವುದು ನಮ್ಮಲ್ಲಿ ರೂಢಿ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ, ಕುಮಾರ ಗಂಧರ್ವ. ಐವರೂ 1910ರಿಂದ 1924ರ ನಡುವೆ, ಧಾರವಾಡ, ಗದಗ, ಬೆಳಗಾವಿಗಳ ಆಸುಪಾಸಿನಲ್ಲಿ ಹುಟ್ಟಿದವರು. ಐವರ ಮನೆಮಾತೂ ಕನ್ನಡ. ಆದರೆ ಒಂದೇ ಸಂಜೆ ಐವರನ್ನೂ ಹತ್ತು ಹತ್ತು ನಿಮಿಷ ಕೇಳಿದವರಿಗೆ ಉಳಿಯುವುದು ತಲೆನೋವು ಮಾತ್ರ. ಹಾಡಿಕೆಯ ನಡೆಯಲ್ಲಿ ಇವರು ಒಬ್ಬರಿಂದೊಬ್ಬರು ಅಷ್ಟು ದೂರ.

ಆದ್ದರಿಂದ ಯಾರು ದೊಡ್ಡವರು ಎಂಬ ಲೆಕ್ಕ ಇಲ್ಲಿ ಬೇಡ. ನೋಡಬೇಕಾದ್ದು ನಿಮ್ಮ ಕಿವಿ ಯಾವ ಲಯಕ್ಕೆ ಒಗ್ಗುತ್ತದೆ ಎನ್ನುವುದನ್ನು. ಲಯ ಒಗ್ಗಿದರೆ ದನಿ, ರಾಗ, ಘರಾಣೆ (ಹಾಡಿಕೆಯ ಪರಂಪರೆ) ಎಲ್ಲ ತಾವಾಗಿ ಹಿಂದೆ ಬರುತ್ತವೆ. ಲಯ ಒಗ್ಗದಿದ್ದರೆ ಎಂಥ ಗವಾಯಿಯ ಹಾಡಾದರೂ ಬೇಸರವೇ.

ಮೊದಲು ಗಡಿಯಾರ ಹಿಡಿದು ಕೂರಿ

ಬಡಾ ಖ್ಯಾಲ್ (ಹಿಂದೂಸ್ತಾನಿ ಕಛೇರಿಯ ಮುಖ್ಯ ಪ್ರಕಾರವಾದ ಖ್ಯಾಲಿನ ನಿಧಾನ ಭಾಗ) ಶುರುವಾದ ಮೇಲೆ ತಬಲಾದ ಒಂದು ಸಮ್‌ನಿಂದ (ತಾಳದ ಸುತ್ತು ಶುರುವಾಗುವ ಮೊದಲ ಮಾತ್ರೆಯಿಂದ) ಇನ್ನೊಂದು ಸಮ್‌ಗೆ ಎಷ್ಟು ಸೆಕೆಂಡು ಎಂದು ಅಳೆಯಿರಿ. ಈ ಐವರ ನಡುವಿನ ವ್ಯತ್ಯಾಸವನ್ನು ತಿಳಿಯಲು ಇದಕ್ಕಿಂತ ಸರಳವಾದ ಉಪಾಯವಿಲ್ಲ.

ಕಿರಾಣಾ ಘರಾಣೆಯವರ, ಅಂದರೆ ಭೀಮಸೇನ ಜೋಶಿ ಮತ್ತು ಗಂಗೂಬಾಯಿಯವರ ವಿಲಂಬಿತ (ನಿಧಾನ ಲಯದ) ಏಕತಾಳದಲ್ಲಿ ಹನ್ನೆರಡು ಮಾತ್ರೆಯ ಒಂದು ಆವರ್ತನಕ್ಕೆ, ಅಂದರೆ ಸುತ್ತಿಗೆ, ಹೆಚ್ಚುಕಡಿಮೆ ಒಂದು ನಿಮಿಷ ಹಿಡಿಯುವುದುಂಟು. ಜೈಪುರ-ಅತ್ರೌಲಿ ದಾರಿಯ ಮನ್ಸೂರರ ತೀನ್‌ತಾಳದಲ್ಲಿ ಮಾತ್ರೆ ಹದಿನಾರಿದ್ದರೂ ಸಾಮಾನ್ಯವಾಗಿ ಅರ್ಧ ನಿಮಿಷದೊಳಗೆ ಸಮ್ ಬಂದುಬಿಡುತ್ತದೆ. ಅವರೊಂದು ಸುತ್ತು ಮುಗಿಸುವಷ್ಟರಲ್ಲಿ ಇವರದು ಎರಡು ಸುತ್ತು. ಕೇಳುವವನ ತಾಳ್ಮೆಯ ಮೇಲೆ ಇದರ ಪರಿಣಾಮ ದೊಡ್ಡದು.

ಸಮ್ ಎಲ್ಲಿದೆ ಎಂದೇ ಗೊತ್ತಾಗುವುದಿಲ್ಲ ಎನ್ನುವುದು ಹೊಸಬರ ಸಾಮಾನ್ಯ ದೂರು. ಏಕತಾಳದ ಠೇಕಾ, ಅಂದರೆ ತಬಲಾದಲ್ಲಿ ಸುತ್ತಿ ಸುತ್ತಿ ಬರುವ ಬೋಲುಗಳ (ಹೊಡೆತದ ಅಕ್ಷರಗಳ) ಸಾಲು, ಹೀಗಿದೆ: ಧಿಂ ಧಿಂ ಧಾಗೆ ತಿರಕಿಟ, ತೂ ನಾ ಕತ್ ತಾ, ಧಾಗೆ ತಿರಕಿಟ ಧಿಂ ನಾ. ಇದರಲ್ಲಿ ‘ತಿರಕಿಟ’ ಎರಡು ಸಲ, ನಾಲ್ಕನೆಯ ಮತ್ತು ಹತ್ತನೆಯ ಮಾತ್ರೆಯಲ್ಲಿ ಬರುತ್ತದೆ. ಚಟಪಟನೆ ಉದುರುವ ಆ ಬೋಲು ಎಂಥ ನಿಧಾನ ಲಯದಲ್ಲೂ ಕಿವಿಗೆ ಬೀಳುತ್ತದೆ. ಅದಾದ ಮೇಲೆ ‘ತೂ ನಾ’ ಬಂದರೆ ಇನ್ನೂ ಅರ್ಧಕ್ಕಿಂತ ಹೆಚ್ಚು ದಾರಿಯಿದೆ. ‘ಧಿಂ ನಾ’ ಬಂದರೆ ಮುಂದಿನದೇ ಸಮ್. ಅಷ್ಟು ಗೊತ್ತಾದರೆ ಸಾಕು, ಗಾಯಕ ಆ ಕೊನೆಯ ಎರಡು ಮಾತ್ರೆಗಳಲ್ಲಿ ಮುಖಡಾ (ಹಾಡಿನ ಮೊದಲ ತುಣುಕು) ಎತ್ತಿಕೊಂಡು ಸಮ್‌ಗೆ ಬಂದು ಇಳಿಯುವುದು ಕಣ್ಣಿಗೆ ಕಟ್ಟಿದಂತೆ ಕೇಳಿಸುತ್ತದೆ. ಸಂಗೀತ ಕಲಿಯದವರೂ ಎರಡು ಮೂರು ಕೂತಾಟಗಳಲ್ಲಿ ಇದನ್ನು ಹಿಡಿಯಬಲ್ಲರು.

ಇನ್ನೊಂದು ಅಳತೆಯೂ ಇದೆ. ಗಾಯಕ ತಾರ ಸಪ್ತಕದ ಷಡ್ಜವನ್ನು, ಅಂದರೆ ಮೇಲಿನ ಸ್ಥಾಯಿಯ ‘ಸ’ವನ್ನು, ಪೂರ್ತಿಯಾಗಿ, ನಿಂತು, ಹಚ್ಚುವುದು ಎಷ್ಟನೆಯ ನಿಮಿಷಕ್ಕೆ? ಕಿರಾಣಾದವರು ಮಂದ್ರದಿಂದ (ಕೆಳಗಿನ ಸ್ಥಾಯಿಯಿಂದ) ಒಂದೊಂದೇ ಸ್ವರದ ಮೆಟ್ಟಿಲು ಹತ್ತುತ್ತಾರೆ, ಅಲ್ಲಿಗೆ ತಲುಪುವಾಗ ಬಡಾ ಖ್ಯಾಲ್ ಅರ್ಧ ದಾಟಿರುತ್ತದೆ. ಕುಮಾರ ಗಂಧರ್ವರು ಮೊದಲ ಕೆಲವು ನಿಮಿಷಗಳಲ್ಲೇ ಅಲ್ಲಿಗೆ ಜಿಗಿದು ಬರಬಹುದು. ಕಾಯುವುದರಲ್ಲಿ ಸುಖ ಕಾಣುವವರೋ, ಮಿಂಚು ಬೇಕೆನ್ನುವವರೋ ಎಂದು ನಿಮ್ಮನ್ನು ನೀವು ಕೇಳಿಕೊಳ್ಳಿ. ಆಯ್ಕೆ ಅರ್ಧ ಮುಗಿದಂತೆ.

ಭೀಮಸೇನ ಜೋಶಿ

ಖ್ಯಾಲನ್ನೇ ಕೇಳದವರಿಗೆ ಎಲ್ಲಕ್ಕಿಂತ ಸುರಕ್ಷಿತವಾದ ಬಾಗಿಲು ಇವರದು. ರೋಣದಲ್ಲಿ 1922ರಲ್ಲಿ ಹುಟ್ಟಿ, ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತು, ಪುಣೆಯಲ್ಲಿ ನೆಲೆಸಿದವರು. ಇವರ ಹಾಡಿಕೆಯ ನಕ್ಷೆ ಸ್ಪಷ್ಟ: ನಿಧಾನ ಆಲಾಪ, ಅದು ಹಂತ ಹಂತವಾಗಿ ಬಿಗಿಯಾಗುವುದು, ಆಮೇಲೆ ತಾನುಗಳ (ವೇಗದ ಸ್ವರಸರಣಿಗಳ) ಮಳೆ, ಕೊನೆಗೆ ದ್ರುತ್ (ವೇಗದ ಲಯದ ಹಾಡು). ಈಗ ಹಾಡು ಎಲ್ಲಿಗೆ ಬಂದಿದೆ ಎಂದು ಹೊಸಬರಿಗೂ ತಿಳಿಯುತ್ತದೆ, ದಾರಿ ತಪ್ಪುವ ಭಯವಿಲ್ಲ. ದಾಸರ ಪದಗಳ ಮೂಲಕ ಈ ದನಿ ಕರ್ನಾಟಕದ ಮನೆಮನೆಗೂ ಗೊತ್ತು. ‘ಭಾಗ್ಯದ ಲಕ್ಷ್ಮಿ ಬಾರಮ್ಮ’ ಕೇಳಿಯೇ ಬೆಳೆದವರು ಬೇಕಾದಷ್ಟು ಮಂದಿ ಇದ್ದಾರೆ; ಅವರಿಗೆ ಪರಿಚಿತ ದನಿಯ ಕೈಹಿಡಿದು ಅಪರಿಚಿತ ರಾಗಕ್ಕೆ ಹೋಗುವುದು ಸುಲಭ.

ಆದರೆ ದರಬಾರಿ ರಾಗದಿಂದ ಶುರು ಮಾಡಬೇಡಿ. ಅದರ ಗಾಂಧಾರ, ಧೈವತಗಳು ಅಲುಗುತ್ತ ನಿಲ್ಲುವ ಸ್ವರಗಳು. ಅವುಗಳ ಬೆಲೆ ತಿಳಿಯಲು ಕಿವಿ ಪಳಗಿರಬೇಕು. ಶುದ್ಧ ಕಲ್ಯಾಣ, ಮುಲ್ತಾನಿ ಅಥವಾ ಅಭೋಗಿ ತೆಗೆದುಕೊಳ್ಳಿ. ಇಪ್ಪತ್ತು ನಿಮಿಷದ ಎಲ್‌ಪಿ ಧ್ವನಿಮುದ್ರಣವಾದರೆ ಮೊದಲ ಸಲಕ್ಕೆ ಸಾಕು. ಅರವತ್ತು ಎಪ್ಪತ್ತರ ದಶಕದ ಮುದ್ರಣಗಳಲ್ಲಿ ತಾನಿನ ವೇಗ, ದೇಹಬಲ ಹೆಚ್ಚು. ನಂತರದವುಗಳಲ್ಲಿ ಸ್ವರದ ಮೇಲೆ ನಿಲ್ಲುವ ಹೊತ್ತು ಹೆಚ್ಚು. ಮೈ ನವಿರೇಳಬೇಕೆಂದಿದ್ದರೆ ಹಳೆಯವು, ರಾತ್ರಿ ದೀಪ ಆರಿಸಿ ಕೇಳಲು ನಂತರದವು.

ಗಂಗೂಬಾಯಿ ಹಾನಗಲ್

ಗುರು ಸವಾಯಿ ಗಂಧರ್ವರೇ, ಘರಾಣೆ ಅದೇ, ಅನೇಕ ಬಂದಿಶ್‌ಗಳೂ (ರಚನೆಗಳೂ) ಅವೇ. ಆದರೂ ಇದು ಬೇರೆಯದೇ ಲೋಕ. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಬಂದು ಕಲಿತ ವಿದ್ಯೆ ಅವರದು. ಮೂವತ್ತರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಗಳಲ್ಲಿ ದನಿ ತೆಳು, ಎತ್ತರದ್ದು. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಆ ದನಿ ಗಂಡುದನಿ ಎನಿಸುವಷ್ಟು ದಪ್ಪವಾಯಿತು. ಹೊಸಬರು ಇವರ ಯಾವುದಾದರೂ ಹಳೆಯ ತಟ್ಟೆಯನ್ನೂ ಎಪ್ಪತ್ತರ ದಶಕದ ಮುದ್ರಣವನ್ನೂ ಒಟ್ಟಿಗೆ ಕೇಳಿ, ಯಾವುದೋ ಒಂದಕ್ಕೆ ತಪ್ಪು ಹೆಸರು ಹಾಕಿದ್ದಾರೆ ಎಂದುಕೊಳ್ಳುವುದುಂಟು. ಎರಡೂ ಅವರದೇ.

ಇವರಲ್ಲಿ ಅಲಂಕಾರ ಕಡಿಮೆ. ಒಂದು ಸ್ವರ ಹಚ್ಚಿದರೆ ಅದು ನೆಲಕ್ಕೆ ನೆಟ್ಟ ಕಂಬ. ವೇಗ, ಚಮತ್ಕಾರ ಹುಡುಕಿಕೊಂಡು ಬಂದವರಿಗೆ ಇಲ್ಲಿ ನಿರಾಶೆಯಾಗಬಹುದು. ದುಃಖದ ದಿನಗಳಲ್ಲಿ, ಮನಸ್ಸು ಚದುರಿದಾಗ, ಕುಳಿತು ಕೇಳಬೇಕೆನಿಸುವ ಗಾಯನ ಮಾತ್ರ ಇದಕ್ಕಿಂತ ಮಿಗಿಲಾದದ್ದು ಸಿಗುವುದು ಕಷ್ಟ.

ಇವರಿಬ್ಬರ ನಡುವೆ ಆರಿಸಿಕೊಳ್ಳಲು ಅಭೋಗಿ ಒಳ್ಳೆಯ ಕಟ್ಟೆ. ಷಡ್ಜ, ರಿಷಭ, ಕೋಮಲ (ತಗ್ಗಿಸಿದ) ಗಾಂಧಾರ, ಮಧ್ಯಮ, ಧೈವತ, ಇಷ್ಟೇ ಸ್ವರ. ಪಂಚಮವೂ ಇಲ್ಲ, ನಿಷಾದವೂ ಇಲ್ಲ. ಮೂಲತಃ ಕರ್ನಾಟಕ ಸಂಗೀತದ ರಾಗ, ಕಿರಾಣಾದವರು ಅಕ್ಕರೆಯಿಂದ ತಮ್ಮದಾಗಿಸಿಕೊಂಡದ್ದು. ಇಬ್ಬರೂ ಹಾಡಿದ್ದಾರೆ. ಧೈವತದಿಂದ ತಾರ ಷಡ್ಜಕ್ಕೆ ನಡುವೆ ಆಸರೆಯಿಲ್ಲದ ಒಂದು ಹಾರು ಇದೆ. ಅಲ್ಲಿಗೆ ಬಂದಾಗ ಕಿವಿಗೊಡಿ. ಜೋಶಿಯವರು ಆ ಕಂದಕವನ್ನು ಮೀಂಡಿನಿಂದ, ಅಂದರೆ ಸ್ವರದಿಂದ ಸ್ವರಕ್ಕೆ ಜಾರುತ್ತ, ಎಳೆದು, ಉಸಿರಿನ ಬಲದಿಂದ ದಾಟುತ್ತಾರೆ. ಗಂಗೂಬಾಯಿಯವರು ಧೈವತದ ಮೇಲೆಯೇ ಕಾಲೂರಿ, ಷಡ್ಜ ತಾನಾಗಿ ಬರಲಿ ಎಂಬಂತೆ ಕಾಯುತ್ತಾರೆ. ಎರಡರಲ್ಲಿ ಯಾವುದಕ್ಕೆ ನಿಮ್ಮ ಉಸಿರು ಹಿಡಿಯುತ್ತದೋ ಅವರನ್ನು ಮೊದಲು ಕೇಳಿ.

ಮಲ್ಲಿಕಾರ್ಜುನ ಮನ್ಸೂರ

ಲಯ ಚುರುಕು, ರಾಗ ಅಪರೂಪ. ಮೊದಲು ಮಿರಜಿನ ನೀಲಕಂಠಬುವಾ ಆಲೂರಮಠರಲ್ಲಿ ಗ್ವಾಲಿಯರ್ ಗಾಯಕಿ (ಹಾಡುವ ಶೈಲಿ), ಆಮೇಲೆ ಜೈಪುರ-ಅತ್ರೌಲಿ ಘರಾಣೆಯ ಮೂಲಪುರುಷ ಅಲ್ಲಾದಿಯಾ ಖಾನರ ಮಗ ಮಂಜಿ ಖಾನರಲ್ಲಿ ಜೈಪುರದ ಗಾಯಕಿ, 1937ರಲ್ಲಿ ಮಂಜಿ ಖಾನರು ತೀರಿಕೊಂಡ ಮೇಲೆ ಅವರ ತಮ್ಮ ಬುರ್ಜಿ ಖಾನರಲ್ಲಿ. ಆ ಪರಂಪರೆಯ ಸೊತ್ತೆಂದರೆ ಎರಡು ರಾಗಗಳನ್ನು ಬೆಸೆದು ಮಾಡಿದ ಜೋಡುರಾಗಗಳು, ಬೇರೆಡೆ ಕೇಳಸಿಗದ ರೂಪಗಳು: ಬಸಂತಿ ಕೇದಾರ, ನಟ್ ಬಿಹಾಗ್, ಶಿವಮತ ಭೈರವ, ಸಂಪೂರ್ಣ ಮಾಲಕೌಂಸ.

ಇಲ್ಲೇ ಹೊಸಬರು ಎಡವುವುದು. ಬಸಂತವೂ ಕೇದಾರವೂ ಗೊತ್ತಿಲ್ಲದವರಿಗೆ ಬಸಂತಿ ಕೇದಾರದಲ್ಲಿ ಒಂದರಿಂದ ಇನ್ನೊಂದಕ್ಕೆ ಹಾಯ್ದ ಹೊಲಿಗೆ ಹೇಗೆ ಕಾಣಬೇಕು? ಅದಕ್ಕೆ ಒಂದು ಹಾದಿಯಿದೆ. ಮೊದಲು ಯಾರದಾದರೂ ಸಾದಾ ಮಾಲಕೌಂಸ ಕೇಳಿ. ಅದರಲ್ಲಿ ಐದೇ ಸ್ವರ, ರಿಷಭ ಪಂಚಮಗಳಿಲ್ಲ. ಒಂದು ವಾರ ಅದೇ ಕಿವಿಯಲ್ಲಿರಲಿ. ಆಮೇಲೆ ಮನ್ಸೂರರ ಸಂಪೂರ್ಣ ಮಾಲಕೌಂಸ ಹಾಕಿ. ಇಲ್ಲದ ರಿಷಭ ಪಂಚಮಗಳು ಅಲ್ಲಿ ಒಳಗೆ ಬಂದು ಕೂತಾಗ, ಬಾಗಿಲಿಲ್ಲದ ಗೋಡೆಯಲ್ಲಿ ಬಾಗಿಲು ತೆರೆದಂತಾಗುತ್ತದೆ. ಜೈಪುರದವರ ಜಾಣ್ಮೆಯ ರುಚಿ ಹತ್ತುವುದು ಅಲ್ಲಿ.

ಗಾಯನದ ಉದ್ದ ಹೆಚ್ಚಿರುವುದಿಲ್ಲ. ಮಧ್ಯವಿಲಂಬಿತದ ಒಂದೇ ಬಂದಿಶ್‌ನಲ್ಲಿ ಆಲಾಪ, ತಾನು ಎಲ್ಲವನ್ನೂ ಹೆಣೆದು, ಎಷ್ಟೋ ಸಲ ದ್ರುತ್ ಇಲ್ಲದೆಯೇ ಮುಗಿಸುತ್ತಾರೆ. ದ್ರುತ್ ಕತ್ತರಿಸಿ ಹಾಕಿದ್ದಾರೆ ಎಂದು ಮುದ್ರಣವನ್ನು ದೂರಬೇಡಿ, ಆ ಗಾಯಕಿಯ ಕ್ರಮವೇ ಅದು. ಒಂದು ನುಡಿಗಟ್ಟು ಮುಗಿಯಿತೆನ್ನುವಷ್ಟರಲ್ಲಿ ಅದರ ಬಾಲದಿಂದಲೇ ಮುಂದಿನದು ಹುಟ್ಟುತ್ತದೆ. ಹಾಗಾಗಿ ಇವರನ್ನು ಕೆಲಸ ಮಾಡುತ್ತ ಹಿನ್ನೆಲೆಯಲ್ಲಿ ಹಾಕಿಕೊಂಡರೆ ಏನೂ ದಕ್ಕುವುದಿಲ್ಲ. ಅರ್ಧ ಗಂಟೆ ಬಿಡುವು ಮಾಡಿಕೊಂಡು ಕೂರಬೇಕು.

ಅಷ್ಟು ಸಮಯವೂ ಇಲ್ಲ, ರಾಗದ ಗೊಡವೆಯೂ ಸದ್ಯಕ್ಕೆ ಬೇಡ ಎನ್ನುವ ಕನ್ನಡಿಗರಿಗೆ ಮನ್ಸೂರರ ವಚನಗಾಯನವಿದೆ. ಅಕ್ಕಮಹಾದೇವಿಯ ‘ಅಕ್ಕ ಕೇಳವ್ವಾ’ ಒಂದನ್ನು ಕೇಳಿ. ಮಾತು ತಿಳಿದಿರುವುದರಿಂದ ಸ್ವರ ಮಾತಿಗೆ ಏನು ಮಾಡುತ್ತದೆ ಎಂಬುದರ ಮೇಲೆ ಪೂರ್ತಿ ಗಮನ ಇಡಬಹುದು. ‘ಕೇಳವ್ವಾ’ ಎಂಬ ಕರೆ ಪ್ರತಿ ಸಲ ಬೇರೆ ಬೇರೆ ಬಾಗಿನಲ್ಲಿ ಬರುತ್ತದೆ. ಆ ಬಾಗುಗಳೇ ಖ್ಯಾಲಿನ ಬೋಲ್‌-ಆಲಾಪದ (ಹಾಡಿನ ಮಾತು ಹಿಡಿದು ರಾಗ ಬಿಡಿಸುವುದರ) ಮೊದಲ ಪಾಠ. ಕನ್ನಡ ಬಲ್ಲವರಿಗೆ ಮಾತ್ರ ಸಿಗುವ ಅನುಕೂಲ ಇದು, ಬಿಡಬೇಡಿ.

ಕುಮಾರ ಗಂಧರ್ವ

ಇವರನ್ನು ಹೊಸಬರಿಗೆ ಕೊಡಬೇಡಿ, ಅರ್ಥವಾಗುವುದಿಲ್ಲ ಎಂಬ ಮಾತು ಬಳಕೆಯಲ್ಲಿದೆ. ಒಪ್ಪುವಂಥದ್ದಲ್ಲ. ಜನಪದ ಹಾಡು, ಭಜನೆ ಕೇಳಿ ಬೆಳೆದ ಕಿವಿಗೆ ಕುಮಾರರ ನಿರ್ಗುಣ ಭಜನೆಗಳು (ರೂಪವಿಲ್ಲದ ದೇವರನ್ನು ಕುರಿತ ಹಾಡುಗಳು) ಮೊದಲ ದಿನವೇ ನಾಟುತ್ತವೆ. ಕಷ್ಟವಾಗುವುದು ಕಿರಾಣಾದ ಕ್ರಮಬದ್ಧ ಬೆಳವಣಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇವರ ಖ್ಯಾಲಿಗೆ ಬಂದವರಿಗೆ.

ಬೆಳಗಾವಿ ಬಳಿಯ ಸುಳೇಭಾವಿಯ ಶಿವಪುತ್ರ ಸಿದ್ದರಾಮಯ್ಯ ಕೊಂಕಾಳಿಮಠ ಇವರ ಹುಟ್ಟುಹೆಸರು. ಎಳೆವಯಸ್ಸಿನಲ್ಲೇ ಹೆಸರಾಂತ ಗಾಯಕರ ತಟ್ಟೆಗಳನ್ನು ಕೇಳಿ ಹಾಗೆಯೇ ಹಾಡಿ ಬೆರಗುಗೊಳಿಸಿದ ಹುಡುಗ. ಮುಂಬಯಿಯಲ್ಲಿ ಬಿ. ಆರ್. ದೇವಧರರಲ್ಲಿ ಕಲಿತರು. ನಲವತ್ತರ ದಶಕದ ಕೊನೆಗೆ ಕ್ಷಯ ತಗುಲಿ, ಮಧ್ಯಪ್ರದೇಶದ ದೇವಾಸದಲ್ಲಿ ಸುಮಾರು ಐದಾರು ವರ್ಷ ಹಾಡದೆ ಇರಬೇಕಾಯಿತು. ಒಂದು ಶ್ವಾಸಕೋಶ ಹಾಳಾಗಿತ್ತು. ಆ ದಿನಗಳಲ್ಲಿ ಕಿವಿಗೆ ಬಿದ್ದ ಮಾಳವದ ಜನಪದ ಧಾಟಿಗಳು ಮುಂದೆ ಅವರ ಹೊಸ ರಾಗಗಳಿಗೆ ಬೀಜವಾದವು. ಮರಳಿ ಹಾಡಲು ಕೂತಾಗ ಉದ್ದ ಉಸಿರಿನ ಗೆರೆಗಳ ಬದಲು ಚಿಕ್ಕ ಚಿಕ್ಕ ತುಣುಕುಗಳು ಬಂದವು: ಒಂದು ಚಿಮ್ಮು, ಒಂದು ಮೌನ, ಇನ್ನೊಂದು ಚಿಮ್ಮು. ಆ ಮೌನದಲ್ಲಿ ತಂಬೂರಿ ಮಾತಾಡುತ್ತದೆ. ಎರಡು ತಂಬೂರಿಗಳನ್ನು ಶ್ರುತಿ ಮಾಡುವುದರಲ್ಲಿ ಅವರು ತೋರುತ್ತಿದ್ದ ಹಟ ಹೆಸರಾದದ್ದು, ಮುದ್ರಣ ಚೆನ್ನಾಗಿದ್ದರೆ ಅದರ ಫಲ ನಿಮಗೆ ಕೇಳುತ್ತದೆ.

ಅದಕ್ಕೇ ಇವರ ವಿಷಯದಲ್ಲಿ ಮುದ್ರಣದ ಗುಣಮಟ್ಟ ಉಳಿದ ನಾಲ್ವರಿಗಿಂತ ಮುಖ್ಯ. ಸರಸರ ಸದ್ದು ತೆಗೆಯಲೆಂದು ಸಾಫ್ಟ್‌ವೇರಿನಿಂದ ಉಜ್ಜಿ ಉಜ್ಜಿ ತೊಳೆದ ಪ್ರತಿಗಳಲ್ಲಿ ತಂಬೂರಿಯ ತಂತಿಯ ಝೇಂಕಾರವೂ ಕೊಚ್ಚಿಹೋಗಿ, ಮೌನದ ಜಾಗದಲ್ಲಿ ಬರೀ ಖಾಲಿ ಉಳಿದಿರುತ್ತದೆ. ಸ್ವಲ್ಪ ಸದ್ದಿದ್ದರೂ ಸರಿ, ತೊಳೆಯದ ಪ್ರತಿಯನ್ನೇ ಆರಿಸಿಕೊಳ್ಳಿ.

ಬಸವರಾಜ ರಾಜಗುರು

ಒಂದೇ ಬೈಠಕ್ಕಿನಲ್ಲಿ ಬಗೆಬಗೆ ಬೇಕೆನ್ನುವವರಿಗೆ ಇವರು. ಕುಂದಗೋಳ ತಾಲೂಕಿನ ಯಲಿವಾಳದವರು, ಗದಗಿನ ಪಂಚಾಕ್ಷರಿ ಗವಾಯಿಗಳ ಶಿಷ್ಯರು, ಆಮೇಲೆ ಅನೇಕ ಉಸ್ತಾದರ ಬಾಗಿಲು ತಟ್ಟಿ ಕಲಿತವರು. ಖ್ಯಾಲ್, ಠುಮ್ರಿ, ಗಜಲ್, ನಾಟ್ಯಗೀತೆ, ವಚನ ಎಲ್ಲವೂ ಕೈವಶ. ಚಿಕ್ಕ ರಚನೆಗಳಿಂದ ದೊಡ್ಡದಕ್ಕೆ ಹೋಗುವ ಸ್ವಭಾವದವರು ಇವರ ವಚನ, ಠುಮ್ರಿಗಳಿಂದ ಶುರು ಮಾಡಿ ಖ್ಯಾಲಿಗೆ ಬರಬಹುದು. ಉಳಿದ ನಾಲ್ವರ ಹೆಸರಿನ ನೆರಳಿನಲ್ಲಿ ಇವರ ಗಾಯನ ಈಗಿನವರ ಕಿವಿಗೆ ಸಾಕಷ್ಟು ತಲುಪಿಲ್ಲ ಎನ್ನುವುದು ನೋವಿನ ಮಾತು.

ಒಂದೇ ಸ್ವರಗಳು, ಎರಡು ರಾಗಗಳು

ಒಬ್ಬರನ್ನು ಆರಿಸಿಕೊಂಡು ತಿಂಗಳು ಕಳೆದ ಮೇಲೆ ಕಿವಿ ಎಷ್ಟು ಪಳಗಿದೆ ಎಂದು ನೋಡಲು ಪೂರಿಯಾ ಮತ್ತು ಮಾರವಾ ಹಾಕಿ. ಎರಡಕ್ಕೂ ಸ್ವರಗಳು ಒಂದೇ: ಷಡ್ಜ, ಕೋಮಲ ರಿಷಭ, ಗಾಂಧಾರ, ತೀವ್ರ (ಏರಿಸಿದ) ಮಧ್ಯಮ, ಧೈವತ, ನಿಷಾದ. ಪಂಚಮ ಎರಡರಲ್ಲೂ ಇಲ್ಲ. ಎರಡೂ ಸೂರ್ಯ ಮುಳುಗುವ ಹೊತ್ತಿನವು. ಆದರೆ ಪೂರಿಯಾ ಗಾಂಧಾರ ನಿಷಾದಗಳ ಮೇಲೆ ಕೂರುತ್ತದೆ, ಮಂದ್ರದಲ್ಲಿ ತಂಗುತ್ತದೆ. ಮಾರವಾ ಕೋಮಲ ರಿಷಭ ಧೈವತಗಳ ಮೇಲೆ ನಿಂತು, ಷಡ್ಜಕ್ಕೆ ಬೇಗ ಬಾರದೆ ಕಾಡುತ್ತದೆ. ಕೇಳುವಾಗ ಬಾಯೊಳಗೇ ಷಡ್ಜ ಗುನುಗುತ್ತಿರಿ. ಗಾಯಕ ಅಲ್ಲಿಗೆ ಬಂದಾಗಲೆಲ್ಲ ಒಂದು ಗೆರೆ ಹಾಕಿ. ಮೊದಲ ಐದು ನಿಮಿಷದಲ್ಲಿ ಮಾರವಾದ ಗೆರೆಗಳು ಕಡಿಮೆ ಬಂದರೆ ನಿಮ್ಮ ಕಿವಿ ಸರಿದಾರಿಯಲ್ಲಿದೆ.

ಮುದ್ರಣ ಆರಿಸುವಾಗ ಆಗುವ ತಪ್ಪುಗಳು

ಮೊಬೈಲಿನ ಸ್ಪೀಕರಿನಲ್ಲಿ ಖ್ಯಾಲ್ ಕೇಳಬೇಡಿ. ಕಪ್ಪು ಒಂದರ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ) ಶ್ರುತಿಯಲ್ಲಿ ಹಾಡುವ ಗಾಯಕನ ಮಧ್ಯ ಷಡ್ಜ ಸುಮಾರು 139 ಹರ್ಟ್ಸ್. ತಂಬೂರಿಯ ಮಂದ್ರ ಷಡ್ಜದ ತಂತಿ ಅದರ ಅರ್ಧ, ಸುಮಾರು 69. ಅಷ್ಟು ಕೆಳಗಿನ ನಾದವನ್ನು ಆ ಪುಟ್ಟ ಸ್ಪೀಕರು ಹೊರಡಿಸಲಾರದು. ತಬಲಾದ ಡಗ್ಗಾ (ದಪ್ಪ ದನಿಯ ಎಡಗೈ ವಾದ್ಯ) ಕೂಡ ಮಾಯವಾಗುತ್ತದೆ. ಸಮ್ ಸಿಗುವುದಿಲ್ಲ ಎಂಬ ದೂರಿಗೆ ಎಷ್ಟೋ ಸಲ ಇದೇ ಕಾರಣ. ಸಾಧಾರಣ ಬೆಲೆಯ ಹೆಡ್‌ಫೋನಾದರೂ ಸಾಕು, ತಂಬೂರಿ ಮರಳಿ ಬರುತ್ತದೆ.

ಕ್ಯಾಸೆಟ್ಟಿನಿಂದ ಇಳಿಸಿದ ಪ್ರತಿಗಳಲ್ಲಿ ವೇಗದ ದೋಷ ಸಾಮಾನ್ಯ. ಟೇಪು ಶೇಕಡಾ 6ರಷ್ಟು ಜೋರಾಗಿ ಓಡಿದರೆ ಶ್ರುತಿ ಅರ್ಧ ಸ್ವರ ಮೇಲೇರುತ್ತದೆ, 30 ನಿಮಿಷದ ಹಾಡು 28 ನಿಮಿಷ ಚಿಲ್ಲರೆಗೆ ಮುಗಿಯುತ್ತದೆ. ಗಂಗೂಬಾಯಿಯವರ ದನಿ ಹಗುರವಾಗಿ, ಮನ್ಸೂರರ ದನಿ ಕೀರಲಾಗಿ ಕೇಳಿದರೆ ಅನುಮಾನಪಡಿ. ಅದೇ ಮುದ್ರಣದ ಇನ್ನೊಂದು ಪ್ರತಿ ಹುಡುಕಿ ಒಟ್ಟು ಅವಧಿ ಹೋಲಿಸಿ. ತಂಬೂರಿ ಆಪ್‌ನಲ್ಲಿ ಷಡ್ಜ ಹೊಂದಿಸಿಯೂ ನೋಡಬಹುದು.

ಸ್ಟ್ರೀಮಿಂಗ್ ಆಪ್‌ಗಳಲ್ಲಿ ವಿಲಂಬಿತ ಒಂದು ಟ್ರ್ಯಾಕು, ದ್ರುತ್ ಇನ್ನೊಂದು. ಶಫಲ್ ಬಂದ್ ಮಾಡದಿದ್ದರೆ ಮುಲ್ತಾನಿಯ ವಿಲಂಬಿತದ ಬೆನ್ನಿಗೆ ಬೇರೆ ಯಾವುದೋ ರಾಗದ ದ್ರುತ್ ಬಂದು ಕಟ್ಟಿದ ವಾತಾವರಣವೆಲ್ಲ ಒಡೆಯುತ್ತದೆ. ಟ್ರ್ಯಾಕುಗಳ ನಡುವೆ ಅಂತರ ಬಾರದಂತೆ ಮಾಡುವ ಆಯ್ಕೆಯಿದ್ದರೆ ಅದನ್ನೂ ಚಾಲೂ ಇಡಿ. ಜನರು ಏರಿಸಿದ ವಿಡಿಯೋಗಳಲ್ಲಿ ರಾಗದ ಹೆಸರು ತಪ್ಪಿರುವುದು ಬಹಳ. ಮೇಲೆ ಹೇಳಿದ ಪೂರಿಯಾ–ಮಾರವಾ ಜೋಡಿಯೇ ಅದಲು ಬದಲಾಗಿರುತ್ತದೆ. ಬಂದಿಶ್‌ನ ಮೊದಲ ಸಾಲನ್ನು ಇನ್ನೆರಡು ಕಡೆ ಹುಡುಕಿ ತಾಳೆ ನೋಡಿ.

ಎಲ್‌ಪಿಯ ಒಂದು ಮಗ್ಗುಲಿಗೆ ಇಪ್ಪತ್ತು ಇಪ್ಪತ್ತೆರಡು ನಿಮಿಷ ಹಿಡಿಯುತ್ತದೆ. ಸ್ಟುಡಿಯೋದಲ್ಲಿ ಗಾಯಕರು ಆ ಅಳತೆಗೆ ರಾಗವನ್ನು ಕುಗ್ಗಿಸಿಕೊಂಡು ಹಾಡಿದ್ದಾರೆ. ಕಲಿಯುವ ಕಿವಿಗೆ ಇದು ಲಾಭ, ಎಲ್ಲ ಭಾಗಗಳೂ ಅಡಕವಾಗಿ ಸಿಗುತ್ತವೆ. ಎರಡನೆಯ ಹೆಜ್ಜೆಗೆ ಒಂದು ಗಂಟೆ ಮೀರಿದ ಕಛೇರಿಯ ಮುದ್ರಣ ತೆಗೆದುಕೊಳ್ಳಿ. ಸಭಿಕರ ‘ವಾಹ್’ ಎಲ್ಲಿ ಬೀಳುತ್ತದೆ ಎಂಬುದೂ ಅಲ್ಲಿ ಒಂದು ಪಾಠ.

78 ಆರ್‌ಪಿಎಂ ತಟ್ಟೆಗಳನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಿ. ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ, ಅಷ್ಟರಲ್ಲೇ ಇಡೀ ರಾಗ ಮುಗಿಯಬೇಕು. ಹುಡುಗ ಭೀಮಸೇನರನ್ನು ಮನೆ ಬಿಡಿಸಿ ಗುರುವನ್ನರಸಿ ಹೊರಡುವಂತೆ ಮಾಡಿದ್ದು ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಅಂಥದೊಂದು ತಟ್ಟೆ. ಅದರ ಪ್ರತಿ ಈಗ ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತದೆ. ಜೋಶಿಯವರನ್ನು ಒಂದೆರಡು ತಿಂಗಳು ಕೇಳಿದ ಮೇಲೆ ಅದನ್ನು ಹಾಕಿ, ಸೂಜಿಯ ಸರಸರದ ಹಿಂದೆ ಖಾನರ ದನಿ ಒಂದು ಸ್ವರವನ್ನು ಹಚ್ಚಿ ಹಿಡಿಯುವ ರೀತಿಗೆ ಕಿವಿಗೊಡಿ. ನೀವು ಆಗಲೇ ಬಲ್ಲ ದನಿಯ ಮೂಲ ಅಲ್ಲಿದೆ.